ಮೊಳಕೆ ಬಂದ ಕೆಂಪು ಜೋಳ

ರಾಧಾಬಾಯಿಗೆ ಎರಡು ಸಂಗತಿ ಸಹಿಸಲು ಆಗುವುದಿಲ್ಲ. ಒಂದು, ಕೆಟ್ಟ ಜೋಳ. ಇನ್ನೊಂದು, ಎದುರು ಮನೆಯಲ್ಲಿ ಏನು ನಡೆದಿದೆ ಎಂದು ತಿಳಿಯದೇ ಇರುವುದು. ಫೆಬ್ರುವರಿಯ ಒಂದು ಬೆಳಿಗ್ಗೆ ಇವೆರಡೂ ಕೂಡಿಕೊಂಡು ಮೆಟ್ಟಿಲ ಮೇಲೆ ಅವರ ಕಾಲಿಗೇ ಸಿಕ್ಕವು.

ಪುಣೆಯ ಬಿಬ್ವೇವಾಡಿಯ ಆ ಹಳೆಯ ಸೊಸೈಟಿಗೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ಯಾರ ಮನೆಗೆ ಏನು ಬಂತು, ಏನು ಹೋಯಿತು ಎಂಬುದೆಲ್ಲ ಮೆಟ್ಟಿಲ ಮೇಲೆಯೇ ಬಯಲಾಗುತ್ತದೆ. ಅವತ್ತು ರಾಧಾಬಾಯಿ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಮೆಟ್ಟಿಲಿನಿಂದ ಮೆಟ್ಟಿಲಿಗೆ ಕೆಂಪನೆಯ ಕಾಳು ಚೆಲ್ಲಿಕೊಂಡು ಹೋಗಿತ್ತು. ಒಂದು ಕಾಳು ಆರಿಸಿ ಹಲ್ಲಿನಲ್ಲಿ ಕಡಿದು ನೋಡಿದರು. ಜೋಳ! ಕಾಳಿನ ಜಾಡು ಹಿಡಿದು ಮೂರನೆಯ ಮಹಡಿಗೆ ಬಂದರೆ ಅವರ ಎದುರು ಮನೆಯ ಬಾಗಿಲಲ್ಲಿ ಇಖ್ಲಾಸ್ ತೂತುಬಿದ್ದ ಚೀಲವನ್ನು ಎದೆಗವಚಿಕೊಂಡು ಬೀಗದ ಕೈ ಹುಡುಕುತ್ತಿದ್ದಳು.

ಇಖ್ಲಾಸ್ ಸುಡಾನ್ ದೇಶದವಳು. ಗಂಡ ಶಿವಾಜಿನಗರದ ಕಾಲೇಜೊಂದರಲ್ಲಿ ಓದುತ್ತಿದ್ದ. ಊರಲ್ಲಿ ಯುದ್ಧ ಹತ್ತಿಕೊಂಡ ಮೇಲೆ ಹೆಂಡತಿಯನ್ನೂ ಸಣ್ಣ ಮಗಳನ್ನೂ ಇಲ್ಲಿಗೆ ಕರೆಸಿಕೊಂಡಿದ್ದ. ದೀಪಾವಳಿಯ ಹೊತ್ತಿಗೆ ಈ ಫ್ಲ್ಯಾಟಿಗೆ ಬಂದವರು. ನೀಳವಾದ ಹೆಂಗಸು, ಸೀರೆಯಂಥದೇ ಒಂದು ಉದ್ದನೆಯ ಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದಳು. ಅದಕ್ಕೆ ನಿರಿಗೆ ಎಲ್ಲಿ, ಸೆರಗು ಎಲ್ಲಿ ಎಂಬುದು ರಾಧಾಬಾಯಿಗೆ ಮೂರು ತಿಂಗಳಾದರೂ ಬಗೆಹರಿದಿರಲಿಲ್ಲ. ಚಿಕ್ಕಂದಿನಿಂದ ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವಳು ಅವಳು. ಧಾರವಾಡದ ಕನ್ನಡಕ್ಕೆ ಹಿಂದಿಯ ಅಂಗಿ ತೊಡಿಸಿ ಮಾತಾಡುವವರು ರಾಧಾಬಾಯಿ. ಹಿಂದಿಯವರು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಿದ್ದರೇನೋ. ಅವರಿಬ್ಬರಿಗೆ ಮಾತ್ರ ಏನೂ ತೊಡಕಿರಲಿಲ್ಲ. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಹೇಳಿದರಾಯಿತು.

"ಏ ಇಖ್ಲಾಸ್, ಇದು ಜ್ವಾಳ ಅಲ್ಲೇನ?"

"ಹೌದು ಆಜೀ. ನಮ್ಮೂರಲ್ಲೂ ಇದೇ ಊಟ."

ರಾಧಾಬಾಯಿ ನಿಂತಲ್ಲೇ ನಿಂತರು. ಅರವತ್ತೆಂಟು ವರ್ಷ ದಿನಾ ಜೋಳದ ರೊಟ್ಟಿ ತಿಂದಿದ್ದಾರೆ. ಸಮುದ್ರದಾಚೆ ಇನ್ನೊಂದು ದೇಶ ಇದನ್ನೇ ತಿನ್ನುತ್ತದೆಂದು ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ರೊಟ್ಟಿ ಮಾಡುತ್ತೀರೋ, ಮುದ್ದೆಯೋ, ನುಚ್ಚೋ, ಜೊತೆಗೆ ಪಲ್ಯ ಯಾವುದು, ಎಷ್ಟು ಕೇಳುವುದಿತ್ತು. ಅಷ್ಟರಲ್ಲಿ ಒಳಗೆ ಮಗು ಅತ್ತಿತು, ಇಖ್ಲಾಸ್ ನಕ್ಕು ಬಾಗಿಲು ಹಾಕಿಕೊಂಡಳು.

"ಏನ್ರಿ, ಕೇಳಿದ್ರಿಲ್ಲೋ?" ಎಂದು ಅವರು ಗಂಡನ ಹತ್ತಿರ ಹೋದರು. ಕೃಷ್ಣಾಜಿ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಈಗ ಪೇಪರ್ ಓದುವುದನ್ನೇ ನೌಕರಿ ಮಾಡಿಕೊಂಡಿದ್ದರು. "ಎದುರು ಮನಿಯಾಕಿ ಕೆಂಜ್ವಾಳ ತಂದಾಳ. ನಮ್ಮ ಕಡೆ ಎಮ್ಮಿಗೆ ಹಾಕ್ತಾರಲ್ಲ, ಅದ. ಯಾರೋ ಆಕಿಗೆ ಟೋಪಿ ಹಾಕ್ಯಾರ ನೋಡ್ರಿ."

"ಹಾಕಿದ್ರ ಹಾಕ್ಲಿ ಬಿಡು. ನಿನಗ್ಯಾಕ ಬೇಕು?"

"ನನಗೇನೂ ಬ್ಯಾಡ. ಆದ್ರ ಅದರಾಗ ಆಕಿ ಏನ್ ಮಾಡ್ತಾಳ ಅನ್ನೂದು ಗೊತ್ತಾಗಬೇಕಲ್ಲ?"

ಅಂದಿನಿಂದ ರಾಧಾಬಾಯಿಯ ಕಿವಿ ಎದುರು ಮನೆಯ ಕಡೆಗೇ. ಜೋಳ ಬಂದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬರಬೇಕು. ಬರಲಿಲ್ಲ. ಗಿರಣಿಯಲ್ಲಿ ವಿಚಾರಿಸಿದರು, ಆಕೆ ಜೋಳ ಬೀಸಿಸಲು ಬಂದೇ ಇಲ್ಲವಂತೆ. ಹಾಗಾದರೆ ಅಷ್ಟೊಂದು ಜೋಳ ಹೋಯಿತೆಲ್ಲಿಗೆ? ರಾಧಾಬಾಯಿಗೆ ಊಟ ಸೇರದಂತಾಯಿತು.

ಜೋಳ ಕೊನೆಗೆ ಸಿಕ್ಕಿದ್ದು ಗಚ್ಚಿಯ ಮೇಲೆ. ಮೆಣಸಿನಕಾಯಿ ಒಣಹಾಕಲು ಹೋದವರಿಗೆ ನೀರಿನ ಟಾಕಿಯ ಹಿಂದೆ ಹಸಿ ಗೋಣಿಚೀಲ ಹಾಸಿದ್ದು ಕಂಡಿತು. ಚೀಲ ಎತ್ತಿ ನೋಡಿದರೆ ಕೆಂಪು ಜೋಳವೆಲ್ಲ ಮೊಳೆತು, ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡು ಬಿದ್ದಿತ್ತು. ಟಾಕಿ ಎಂದಿನಂತೆ ತುಂಬಿ ಸೋರುತ್ತಿತ್ತು.

ನವಲಗುಂದದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ರಾಧಾಬಾಯಿಗೆ ಮೊಳಕೆಯೊಡೆದ ಜೋಳ ಎಂದರೆ ಮಳೆಗೆ ಸಿಕ್ಕ ರಾಶಿ, ಮಣ್ಣುಪಾಲಾದ ವರ್ಷ. ಅದಕ್ಕಿಂತ ಕೆಟ್ಟದ್ದೊಂದು ಅವರಿಗೆ ನೆನಪಿತ್ತು. ಅಪ್ಪನ ಜೋಡೆತ್ತಿನಲ್ಲಿ ಒಂದು ಹಗ್ಗ ಹರಿದುಕೊಂಡು ಎಳೆಯ ಜೋಳದ ಸಸಿ ಮೇಯ್ದು ಬಂದು, ಅಂಗಳದಲ್ಲಿ ಹೊಟ್ಟೆಯುಬ್ಬಿ ಅವರ ಕಣ್ಣೆದುರೇ ಸತ್ತಿತ್ತು. ಎಳೆಯ ಜೋಳದಲ್ಲಿ ವಿಷವಿರುತ್ತದೆಂದು ಆ ಊರಿನ ಮಕ್ಕಳಿಗೂ ಗೊತ್ತು. ಈ ಹುಡುಗಿಗೆ ಗೊತ್ತಿದ್ದಂತಿಲ್ಲ. ಮೊದಲೇ ಎಮ್ಮೆಯ ಜೋಳ, ಅದರ ಮೇಲೆ ನೀರು ಬಿದ್ದಿದೆ. ಒಣಗಿಸಿ ಹಿಟ್ಟು ಮಾಡಿ ಕೂಸಿಗೆ ತಿನ್ನಿಸಿದರೆ?

ಕೆಳಗೆ ಬಂದು ಬಾಗಿಲು ಬಡಿದರು. ಮನೆಯಲ್ಲಿ ಯಾರೂ ಇರಲಿಲ್ಲ. ರಾಧಾಬಾಯಿ ಕಾಯುವ ಪೈಕಿ ಅಲ್ಲ. ಮಂಡಿನೋವನ್ನೂ ಲೆಕ್ಕಿಸದೆ ಮೊಳಕೆ ಜೋಳವನ್ನೆಲ್ಲ ಬಕೆಟ್ಟಿನಲ್ಲಿ ತುಂಬಿ, ಹೊತ್ತು ತಂದು, ಸೊಸೈಟಿಯ ಗೊಬ್ಬರದ ಗುಂಡಿಗೆ ಸುರುವಿದರು. ದನಕರು ಬಾಯಿ ಹಾಕದಿರಲೆಂದು ಮೇಲೆ ಮಣ್ಣನ್ನೂ ಎಳೆದರು. ಆಮೇಲೆ ತಮ್ಮ ಡಬ್ಬಿಯಿಂದ ಮುತ್ತಿನಂಥ ಬಿಳಿ ಜೋಳ ಅಳೆದು, ಸ್ಟೀಲಿನ ಪಾತ್ರೆಯಲ್ಲಿ ತುಂಬಿ ಇಖ್ಲಾಸಳ ಬಾಗಿಲಿಗೆ ಇಟ್ಟು ಬಂದರು.

"ಒಂದು ಜೀವ ಉಳಿಸಿ ಬಂದೆ" ಎಂದು ಕೃಷ್ಣಾಜಿಗೆ ಹೇಳಿ ಚಹಾಕ್ಕೆ ನೀರಿಟ್ಟರು.

ಸಂಜೆ ಇಖ್ಲಾಸ್ ಬಂದಳು. ಅವಳ ಚಪ್ಪಲಿಯ ಸಪ್ಪಳ ಗಚ್ಚಿಗೆ ಹೋಯಿತು, ಬಹಳ ಹೊತ್ತಾದ ಮೇಲೆ ಮೆಲ್ಲಗೆ ಇಳಿಯಿತು. ರಾಧಾಬಾಯಿ ಉಪಕಾರ ಮಾಡಿದವರ ಠೀವಿಯಲ್ಲಿ ಬಾಗಿಲು ತೆರೆದು, ಎತ್ತು ಸತ್ತ ಕತೆಯಿಂದ ಹಿಡಿದು ಗೊಬ್ಬರದ ಗುಂಡಿಯವರೆಗೆ ಎಲ್ಲವನ್ನೂ ಬಣ್ಣಿಸಿದರು. ಇಖ್ಲಾಸ್ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ರಾಧಾಬಾಯಿಯೂ ತಿರುಗಿ ಬೈದು ಹಗುರಾಗುತ್ತಿದ್ದರು.

"ಆಜೀ, ಅದು ಕೆಟ್ಟಿರಲಿಲ್ಲ. ನಾನೇ ಮೊಳಕೆ ಬರಿಸಿದ್ದು."

"ನೀನ? ಯಾಕ?"

"ರಂಜಾನಿಗೆ." ಅವಳು ಕೈಸನ್ನೆ ಮಾಡುತ್ತ ಹೇಳಿದಳು. ಅದರ ಹೆಸರು ಹುಲು-ಮುರ್ರ್. ಸಿಹಿ-ಕಹಿ ಎಂದು ಅರ್ಥ. ಕೆಂಪು ಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಮಸಾಲೆ ಹಾಕಿ ಹುಳಿ ಬರಿಸಿ, ಹಂಚಿನ ಮೇಲೆ ಹಾಳೆ ಹಾಳೆಯಾಗಿ ಸುಡುವುದು. ಉಪವಾಸದ ದಿನ ಸಂಜೆ ಅದನ್ನು ನೀರಲ್ಲಿ ನೆನೆಸಿ, ಸೋಸಿ, ಸಕ್ಕರೆ ಹಾಕಿ ಕುಡಿಯುವುದು. ಅದಿಲ್ಲದೆ ಅವರ ಮನೆಯಲ್ಲಿ ರಂಜಾನ್ ಕಂಡವರಿಲ್ಲ. "ಪ್ರತಿವರ್ಷ ಅಮ್ಮ ಮಾಡುತ್ತಿದ್ದಳು. ಸುಡುವಾಗ ಅದರ ವಾಸನೆ ಬೀದಿಯ ತನಕ ಹೋಗಬೇಕು, ಆಗಲೇ ಅದು ಸರಿಯಾಯಿತು ಅಂತ ಲೆಕ್ಕ. ದಾರಿಯಲ್ಲಿ ಹೋಗುವವರು ನಿಂತು, ಓ, ರಂಜಾನ್ ಬಂತು ಅನ್ನಬೇಕು."

"ಈಗ ನಿಮ್ಮವ್ವ ಎಲ್ಲಿದ್ದಾರ?"

"ಕೈರೋದಲ್ಲಿ. ಮನೆ ಬಿಟ್ಟು ಓಡಿ ಬಂದವರು. ಒಂದೇ ಕೋಣೆಯಲ್ಲಿ ಮೂರು ಸಂಸಾರ. ಮನೆ ಮಾಲೀಕ ಹೊಗೆ ಎಬ್ಬಿಸಲು ಬಿಡುವುದಿಲ್ಲ. ಈ ವರ್ಷ ನಮ್ಮ ಇಡೀ ಬಳಗದಲ್ಲಿ ಇದನ್ನು ಮಾಡಲು ಆಗುವುದು ನನಗೊಬ್ಬಳಿಗೇ ಆಜೀ. ದಿನಾ ಫೋನ್ ಮಾಡಿ ಅಮ್ಮ ಇದೊಂದನ್ನೇ ಕೇಳುತ್ತಾಳೆ, ಮೊಳಕೆ ಬಂತಾ, ಎಷ್ಟುದ್ದ ಬಂತು, ಅಂತ."

ರಾಧಾಬಾಯಿಯ ಬಾಯಿ ಕಟ್ಟಿಹೋಯಿತು. ಅದು ಹಾಗೆ ಕಟ್ಟಿದ್ದನ್ನು ಒಳಗೆ ಕೂತಿದ್ದ ಕೃಷ್ಣಾಜಿ ತಮ್ಮ ಸಂಸಾರದಲ್ಲಿ ಮೊದಲ ಸಲ ನೋಡಿ, ಪೇಪರ್ ಕೆಳಗಿಟ್ಟರು. ರಾಧಾಬಾಯಿಗೆ ನಾಚಿಕೆ ಒಂದು ಕಡೆ. ಊರು, ಮನೆ ಬಿಟ್ಟು ಬಂದ ಮುದುಕಿಯೊಬ್ಬಳು ಎಲ್ಲೋ ಕೂತು ಮೊಳಕೆಯ ಉದ್ದ ಕೇಳುತ್ತಿದ್ದಾಳೆ, ಆ ಮೊಳಕೆಯನ್ನು ತಾನು ತಿಪ್ಪೆಗೆ ಹಾಕಿ ಬಂದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ.

"ತಪ್ಪಾತವಾ, ನನ್ನ ತಪ್ಪು. ಈಗ ಕೊಟ್ಟೇನಲ್ಲ, ಆ ಬಿಳಿ ಜ್ವಾಳ ನಡಿಯೂದಿಲ್ಲೇನು?"

ಇಖ್ಲಾಸ್ ತಲೆಯಾಡಿಸಿದಳು. ಬಿಳಿಯದರಲ್ಲಿ ಬಣ್ಣವೂ ಬರುವುದಿಲ್ಲ, ಕಹಿಯೂ ಬರುವುದಿಲ್ಲ. ಕೆಂಪೇ ಆಗಬೇಕು. ಮಾರ್ಕೆಟ್ ಯಾರ್ಡಿನಲ್ಲಿ ಅಂಗಡಿ ಅಂಗಡಿ ಅಲೆದಾಗ ಒಂದು ಕಡೆ ಸಿಕ್ಕಿತ್ತು, ಅದೂ ಚೀಲದ ತಳದಲ್ಲಿ ಉಳಿದದ್ದು. ರಂಜಾನಿಗೆ ಇನ್ನು ಎರಡು ವಾರವೂ ಇರಲಿಲ್ಲ.

"ನಾ ತಂದು ಕೊಡ್ತೀನಿ" ಎಂದರು ರಾಧಾಬಾಯಿ. "ನಿಮ್ಮವ್ವಗ ಹೇಳು, ಎದುರು ಮನಿ ಮುದುಕಿ ಚೆಲ್ಲ್ಯಾಳ, ಆಕೀನ ತರತಾಳ ಅಂತ."

ಮರುದಿನ ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದರು. ಗದಗಿನ ಕಡೆಯ ಈರಬಸಪ್ಪನ ಕಾಳಿನ ಅಂಗಡಿಯಿಂದಲೇ ಅವರ ಮನೆಗೆ ವರ್ಷದ ಜೋಳ ಬರುವುದು. ಗಾದಿಯ ಮೇಲೆ ಕೂತಿದ್ದ ಈರಬಸಪ್ಪ ಎದ್ದು ನಿಂತ.

"ಬರ್ರಿ ಅಕ್ಕಾರ, ಹೊಸ ಬಿಳಿ ಜ್ವಾಳ ಈಗ ಬಂದದ ನೋಡ್ರಿ, ಹೂವಿನಂಥಾ ರೊಟ್ಟಿ ಆಗ್ತಾವ."

"ಬಿಳೀದು ಬ್ಯಾಡೋ. ಕೆಂಜ್ವಾಳ ಬೇಕು."

ಈರಬಸಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಮೂರನೇ ಮಜಲಿನ್ಯಾಗ ಎಮ್ಮಿ ಕಟ್ಟೀರೇನ್ರಿ?"

ಹಮಾಲರು ನಕ್ಕರು. ರಾಧಾಬಾಯಿ ನಗಲಿಲ್ಲ. ಆಗ ಅವನೇ ಹೇಳಿದ, ಮೊನ್ನೆ ಒಬ್ಬಾಕೆ ಬಂದಿದ್ದಳು, ಆಫ್ರಿಕಾದಾಕೆ, ಅದನ್ನೇ ಕೇಳಿದಳು, ಇದ್ದದ್ದನ್ನೆಲ್ಲ ಗುಡಿಸಿ ಕೊಟ್ಟೆ ಎಂದು. "ಈಗ ಯಾರೂ ಬಿತ್ತೂದಿಲ್ರಿ ಅದನ್ನ. ಅಲ್ರಿ, ಅಷ್ಟು ತೊಗೊಂಡು ಹೋಗಿದ್ಲಲ್ಲ, ಆ ಜ್ವಾಳ ಏನಾತು?"

"ನಾನ ತಿಪ್ಪಿಗೆ ಹಾಕಿದೆ."

ಇಂಥದ್ದನ್ನು ಯಾರಾದರೂ ಮುಚ್ಚಿಡುತ್ತಾರೆ. ರಾಧಾಬಾಯಿಯ ಬಾಯಲ್ಲಿ ಮಾತು ಮುಚ್ಚಿಟ್ಟು ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೇ ಬರುತ್ತದೆ. ನೆಂಟರ ಮದುವೆಯಲ್ಲಿ ವರನಿಗೆ ಕೂದಲು ಕಮ್ಮಿ ಎಂದು ವರನ ತಾಯಿಗೇ ಹೇಳಿ ಬಂದವರು ಅವರು. ಈರಬಸಪ್ಪ ಪೂರ್ತಿ ಕತೆ ಕೇಳಿ ಮೊದಲು ಹೊಟ್ಟೆ ಕುಣಿಸಿ ನಕ್ಕ. ಕೈರೋದ ಮುದುಕಿಯ ಮಾತು ಬಂದಾಗ ನಗು ನಿಂತಿತು. ಫೋನ್ ತೆಗೆದು ಊರಿಗೆ ಹಚ್ಚಿದ.

"ಬಿತ್ತೂ ಬೀಜದ್ದು ತರಸಬ್ಯಾಡ ಮತ್ತ" ಎಂದು ರಾಧಾಬಾಯಿ ಪಕ್ಕದಿಂದ ಕೂಗಿದರು. "ಅದಕ್ಕ ಔಷಧ ಹಚ್ಚಿರ್ತಾರ. ಇದು ಬಾಯಿಗೆ ಹೋಗೂದದ."

ಎರಡೇ ದಿನದಲ್ಲಿ ಗದಗಿನಿಂದ ಉಳ್ಳಾಗಡ್ಡಿಯ ಲಾರಿಯಲ್ಲಿ ಒಂದು ಸಣ್ಣ ಚೀಲ ಕೆಂಪು ಜೋಳ ಬಂದಿಳಿಯಿತು. ಇಖ್ಲಾಸ್ ಮುಷ್ಟಿಯಲ್ಲಿ ತುಂಬಿ ಮೂಸಿ ನೋಡಿ, ರಾಧಾಬಾಯಿಯ ಕೆನ್ನೆಗೆ ಮುತ್ತಿಟ್ಟಳು. ಮಡಿಯಲ್ಲಿದ್ದ ರಾಧಾಬಾಯಿ ಮತ್ತೊಮ್ಮೆ ಸ್ನಾನ ಮಾಡಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಬೇಡವೆಂದು ತೀರ್ಮಾನಿಸಿದರು.

ಈ ಸಲ ಗೋಣಿಚೀಲದ ಪಕ್ಕದಲ್ಲಿ ಒಂದು ಕುರ್ಚಿ, ಒಂದು ಕೊಡೆ, ಒಂದು ಕೋಲು ಬಂದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ರಾಧಾಬಾಯಿ ಪಾರಿವಾಳ ಓಡಿಸುತ್ತ ಕೂತರು. ಇಖ್ಲಾಸ್ ಹೊತ್ತುಹೊತ್ತಿಗೆ ನೀರು ಚಿಮುಕಿಸಲು ಬಂದಾಗ ಪ್ರಶ್ನೆಗಳು ಶುರುವಾಗುತ್ತಿದ್ದವು. ನಿಮ್ಮಲ್ಲಿ ತೆನೆ ಎಷ್ಟುದ್ದ? ಕಣಿಕೆಯನ್ನು ದನಕ್ಕೆ ಹಾಕುತ್ತೀರೋ? ಹಕ್ಕಿ ಯಾರು ಕಾಯುತ್ತಾರೆ?

"ಹುಡುಗಿಯರೇ. ಡಬ್ಬಿ ಬಡಿಯುತ್ತ ಹೊಲದ ತುಂಬ ಓಡುವುದು."

"ಏ! ನಾನೂ ಕಾದೇನಿ! ಅಟ್ಟದ ಮ್ಯಾಲ ನಿಂತು ಕವಣಿ ಬೀಸ್ತಿದ್ದೆ. ಮತ್ತ ಎಳೇ ಜ್ವಾಳ ತಿಂದು ನಿಮ್ಮ ದನ ಸಾಯೂದಿಲ್ಲೇನು?"

"ಸಾಯುತ್ತವೆ ಆಜೀ. ಮೊಳಕೆಯನ್ನು ಹಸಿಯಾಗಿ ತಿನ್ನಬಾರದು ಅಂತ ಅಮ್ಮನೂ ಹೇಳುತ್ತಾಳೆ. ಅದಕ್ಕೇ ಇಷ್ಟೆಲ್ಲ ಒಣಗಿಸಿ, ಹುಳಿ ಬರಿಸಿ, ಸುಡುವುದು."

ಅಂದರೆ ಎತ್ತಿನ ಕತೆ ಸುಳ್ಳಾಗಲಿಲ್ಲ. ರಾಧಾಬಾಯಿಗೆ ಅದೊಂದು ಸಮಾಧಾನ. ಅಲ್ಲಿಯವರಿಗೂ ವಿಷ ಗೊತ್ತು, ಗೊತ್ತಿದ್ದೂ ಅದನ್ನು ದಾಟಿ ಹೋಗಿದ್ದಾರೆ, ನಾವೇಕೆ ಹೋಗಲಿಲ್ಲ ಎಂದು ಅವರು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಯೋಚಿಸಿದರು.

ಸೊಸೈಟಿಯ ಸೆಕ್ರೆಟರಿ ಅವಧೂತ ಒಮ್ಮೆ ಟಾಕಿ ನೋಡಲು ಹತ್ತಿ ಬಂದ. ಪುಣೆಯವನೇ, ಮರಾಠಿಯವನು, ನಿಯಮ ಎಂದರೆ ಪ್ರಾಣ. "ಕಾಕು, ಇದೇನು ಕೊಳೆತ ಕಾಳು? ಯಾರದಿದು? ಕೆಳಗೆ ಹಾಕಿಸಿಬಿಡ್ತೀನಿ" ಎಂದು ಚೀಲದ ಕಡೆ ಬಗ್ಗಿದ.

"ಕೈ ಹಚ್ಚಿದಿ ಅಂದ್ರ ನೋಡು" ಎಂದು ರಾಧಾಬಾಯಿ ಮರಾಠಿಯಲ್ಲಿ ಗುಡುಗಿ ಕೋಲೆತ್ತಿದರು. ಅವಧೂತ ಟಾಕಿಯನ್ನೂ ನೋಡದೆ ಇಳಿದುಹೋದ.

ಮೊಳಕೆ ಬಂತು, ಒಣಗಿತು. ಗಿರಣಿಯವನಿಗೆ ಇದು ಏನೆಂದು ತಿಳಿಸದೆ ಬೀಸಿಸಿ ತಂದರು. ಇಖ್ಲಾಸ್ ಗಂಜಿ ಕಾಯಿಸಿ, ಹಿಟ್ಟು ಕಲೆಸಿ, ಶುಂಠಿ, ದಾಲ್ಚಿನ್ನಿ, ಜೀರಿಗೆ, ಏಲಕ್ಕಿ ಕುಟ್ಟಿ ಹಾಕಿ ಮುಚ್ಚಿಟ್ಟಳು. ಹಿಟ್ಟು ಹುಳಿಯೊಡೆದು ಉಬ್ಬಿತು. ಸುಡುವ ದಿನ ರಂಜಾನಿಗೆ ಎರಡೇ ದಿನ ಉಳಿದಿತ್ತು. ಅವಳ ನಾನ್‌ಸ್ಟಿಕ್ ತವೆ ನೋಡಿ ರಾಧಾಬಾಯಿ ಮುಖ ಕಿವುಚಿದರು. ತಮ್ಮ ಅತ್ತೆಯ ಕಾಲದ ಕಬ್ಬಿಣದ ಹಂಚನ್ನು ತಂದು ಒಲೆಯ ಮೇಲೆ ಇಡಿಸಿದರು. ಬೇರೆಯವರ ಅಡಿಗೆಮನೆಯಲ್ಲಿ ಕಾಲಿಡದ ಹೆಂಗಸು, ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಕದಲಲಿಲ್ಲ. ಹಂಚಿನ ಮೇಲೆ ಕಂದು ಹಿಟ್ಟು ಸವರಿದಾಗ ಚುಂಯ್ ಎಂದು, ಅಂಚು ಎದ್ದು, ಹಾಳೆಯಾಗಿ ಬಿಡುವುದನ್ನು ನೋಡುತ್ತಲೇ ಇದ್ದರು. ಹುಣಸೆಹಣ್ಣು, ಕಷಾಯ, ಹುರಿದ ಜೋಳ ಮೂರನ್ನೂ ಒಟ್ಟಿಗೆ ಕುದಿಸಿದಂಥ ವಾಸನೆ ಕಣ್ಣು ಮೂಗಿಗೆಲ್ಲ ಅಡರಿತ್ತು.

ಅಷ್ಟರಲ್ಲಿ ಕೈರೋದಿಂದ ವಿಡಿಯೋ ಕಾಲ್ ಬಂತು. ಇಖ್ಲಾಸಳ ತಾಯಿ. ಮಗಳದೇ ಮೂಗು, ಮಗಳದೇ ಹಣೆ, ಕೆನ್ನೆ ಮಾತ್ರ ಒಳಗೆ ಹೋಗಿತ್ತು. ತಾಯಿ ಏನೋ ಕೇಳಿದಳು, ಮಗಳು ಹೇಳಿದಳು. ತಾಯಿ ಅದನ್ನೇ ಮತ್ತೆ ಕೇಳಿದಳು.

"ಏನಂತಾರ?" ಎಂದರು ರಾಧಾಬಾಯಿ.

"ವಾಸನೆ ಬೀದಿಗೆ ಹೋಯಿತಾ ಅಂತ. ಹೋಯಿತು ಅಂದೆ. ನಂಬುವುದಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತೇನಂತೆ." ಸೆರಗಿನಂಥ ಬಟ್ಟೆಯಿಂದ ಮುಖ ಒರೆಸಿಕೊಂಡಳು. "ನಿಜವೇ ಆಜೀ. ಅಮ್ಮ ಚೆನ್ನಾಗಿದ್ದೇನೆ ಅನ್ನುತ್ತಾಳೆ, ನಾನೂ ಚೆನ್ನಾಗಿದ್ದೇನೆ ಅನ್ನುತ್ತೇನೆ. ಇಬ್ಬರೂ ಒಬ್ಬರನ್ನೊಬ್ಬರು ನಂಬುವುದಿಲ್ಲ."

ಫೋನಿನಲ್ಲಿ ಮುದುಕಿ ಮತ್ತೇನೋ ಅಂದಳು. ಇಖ್ಲಾಸ್ ಅಳುವಿನಲ್ಲೇ ನಕ್ಕು ಫೋನನ್ನು ರಾಧಾಬಾಯಿಯ ಕಡೆ ತಿರುಗಿಸಿದಳು. "ಜೋಳ ಚೆಲ್ಲಿದವಳು ಎಲ್ಲಿ, ಅವಳನ್ನು ಕರೆ ಅನ್ನುತ್ತಾಳೆ. ಚೆಲ್ಲಿದವಳು ನಾನೇ ಅಂತ ತಾನಾಗಿ ಹೇಳಿದವಳು ತನಗೆ ಸುಳ್ಳು ಹೇಳುವುದಿಲ್ಲವಂತೆ. ಹೇಳಿ ಆಜೀ, ಹೋಯಿತಾ?"

ಹೌದು ಎನ್ನುವುದು ಎಷ್ಟು ಹೊತ್ತಿನ ಕೆಲಸ? ಯಾರಾದರೂ ಅನ್ನುತ್ತಿದ್ದರು. ರಾಧಾಬಾಯಿ ಫೋನಿನೊಳಗಿನ ಆ ಕಣ್ಣುಗಳನ್ನು ನೋಡಿದರು. ಬೆಳಗಿನಿಂದ ಇಲ್ಲೇ ಕೂತು ತಮ್ಮ ಮೂಗು ಮೊಂಡಾಗಿಹೋಗಿದೆ. ಬೀದಿಯ ಸುದ್ದಿ ತಮಗೇನು ಗೊತ್ತು?

"ನನಗ ಗೊತ್ತಿಲ್ಲ ಅಂತ ಹೇಳವಾ" ಎಂದರು. "ತಡಿ ಅನ್ನು. ನಾ ಇಳದು ನೋಡಿ ಬರ್ತೀನಿ. ಫೋನ್ ಇಡಬಾರದು ಅನ್ನು."

ಇಖ್ಲಾಸಳ ಮುಖ ಬಾಡಿತು. ರಾಧಾಬಾಯಿ ಹಿಂದೆ ನೋಡದೆ ಹೊರಗೆ ಬಂದು ಕಟಾಂಜನ ಹಿಡಿದು ಇಳಿಯತೊಡಗಿದರು. ಮಂಡಿ ಕಟಕಟ ಎನ್ನುತ್ತಿತ್ತು. ಹೋಗಿರದಿದ್ದರೆ ಏನು ಹೇಳುವುದು? ಐವತ್ತು ವರ್ಷದ ಕೆಳಗೆ ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಸಾಕು, ಕೆಳಗಿನಿಂದ ಮನೆ ಒಡತಿ ಸಾವಿತ್ರಿಬಾಯಿ ಕೆಮ್ಮುತ್ತ ಹತ್ತಿ ಬರುತ್ತಿದ್ದಳು. ಆಗ ಎಷ್ಟು ಅತ್ತಿದ್ದರು! ಇವತ್ತು ಅಂಥ ಒಬ್ಬಳೂ ಇಲ್ಲವಲ್ಲ ಎಂದು ದೇವರನ್ನು ಬೈದುಕೊಳ್ಳುತ್ತ ಎರಡನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ, ಕೆಳಗಿನಿಂದ ದಡದಡ ಹತ್ತುತ್ತ ಬಂದ ಅವಧೂತ ಎದುರಾದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ.

"ಕಾಕು, ಏನು ನಡೆದಿದೆ ಮೇಲೆ? ಗೇಟಿನ ತನಕ ವಾಸನೆ! ವಾಚ್‌ಮನ್ ಕೇಳ್ತಾನೆ, ರಸ್ತೆಯ ಇಸ್ತ್ರಿಯವನು ಬಂದು ಕೇಳ್ತಾನೆ. ನನ್ನ ಫೋನಿಗೆ ಕಂಪ್ಲೇಂಟ್ ಮೇಲೆ ಕಂಪ್ಲೇಂಟ್."

ರಾಧಾಬಾಯಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದರು. "ರಸ್ತೆಯವನು ಕೇಳಿದ್ನಾ? ಖರೇನ?"

"ಸುಳ್ಳು ಯಾಕೆ ಹೇಳಲಿ?"

"ಬಾ, ಬಾ, ನನ್ನಪ್ಪಾ, ಮ್ಯಾಲೆ ಬಾ."

ಮಂಡಿ ನೋವೆಲ್ಲ ಎಲ್ಲಿ ಹೋಯಿತೋ. ಸೆಕ್ರೆಟರಿಯನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ, ಇಖ್ಲಾಸಳ ಅಡಿಗೆಮನೆಯ ಬಾಗಿಲಲ್ಲಿ, ಫೋನಿನ ಎದುರು ತಂದು ನಿಲ್ಲಿಸಿದರು. "ನಿಮ್ಮವ್ವಗ ಹೇಳು, ಇವನು ನಮ್ಮ ಸೆಕ್ರೆಟರಿ. ಬೈಯಾಕ ಬಂದಾನ. ಅವಧೂತಾ, ನನಗ ಹೇಳಿದೆಲ್ಲ, ಅದನ್ನ ಇವರಿಗೆ ಹೇಳು."

ಅವಧೂತ ತಬ್ಬಿಬ್ಬಾಗಿ ಫೋನನ್ನು ನೋಡಿದ. ಹಂಚಿನ ಮೇಲಿನ ಹಾಳೆಯನ್ನೂ ನೋಡಿದ. ಆದರೂ ಬಂದ ಕೆಲಸ ಬಿಡಲಿಲ್ಲ; ಗೇಟು, ವಾಚ್‌ಮನ್, ಇಸ್ತ್ರಿಯವನು, ಕಂಪ್ಲೇಂಟು, ಒಂದನ್ನೂ ಬಿಡದೆ ಹಿಂದಿಯಲ್ಲಿ ಗಂಭೀರವಾಗಿ ಹೇಳಿದ. ಇಖ್ಲಾಸ್ ಒಂದೊಂದನ್ನೇ ಅರಬ್ಬಿಯಲ್ಲಿ ಹೇಳುತ್ತ ಹೋದಳು, ಇಸ್ತ್ರಿಯವನ ಮಾತನ್ನು ಎರಡೆರಡು ಸಲ ಹೇಳಿದಳು.

ಫೋನಿನಲ್ಲಿ ಮುಖ ಮಾಯವಾಗಿ ಕೈರೋದ ಆ ಕೋಣೆಯ ಸೂರು ಕಾಣಿಸಿತು. ಆಮೇಲೆ ಅಲ್ಲಿಂದ ಒಂದು ಕೂಗು ಎದ್ದಿತು. ನಾಲಿಗೆ ಹೊರಳಿಸಿ ಹೊರಳಿಸಿ ಕೂಗುವ, ಮದುವೆಮನೆಯ ಸಂಭ್ರಮದ ಉದ್ದನೆಯ ಕೂಗು. ಅದಕ್ಕೆ ಆ ಕೋಣೆಯ ಬೇರೆ ಹೆಂಗಸರೂ ದನಿಗೂಡಿಸಿದರು. ಇಖ್ಲಾಸ್ ಸೌಟು ಕೈಯಲ್ಲಿ ಹಿಡಿದೇ ಬಿಕ್ಕಿ ಬಿಕ್ಕಿ ಅತ್ತಳು. ರಾಧಾಬಾಯಿಯ ಕಣ್ಣಲ್ಲೂ ನೀರು ಇಳಿಯುತ್ತಿತ್ತು, ಅದನ್ನು ಅವರು ಹೊಗೆಯ ಮೇಲೆ ಹಾಕಲಿಲ್ಲ.

ಅವಧೂತ 'ಇದೇನು ಮಾಡಿಬಿಟ್ಟೆ' ಎನ್ನುವ ಹಾಗೆ ಕರವಸ್ತ್ರವನ್ನು ಕಿಸೆಗೆ ತುರುಕಿಕೊಂಡ. "ಕಾಕು, ಎಲ್ಲರೂ ಯಾಕೆ ಅಳ್ತಿದ್ದಾರೆ? ನಾನೇನಾದರೂ ತಪ್ಪು ಮಾತಾಡಿದೆನಾ?"

"ಇಲ್ಲೋ ಅಪ್ಪಾ, ಭಾಳ ಛಲೋ ಮಾತು ಹೇಳಿದಿ" ಎಂದರು ರಾಧಾಬಾಯಿ. "ಇನ್ನೊಮ್ಮೆ ಹೇಳು. ಅವರು ಕೇಳ್ಲಿ."